ಕಾಣೆಯ ನಂತರದ ಅಕ್ಷರ

ಆ ಭಾನುವಾರ ಸಂತೆಕಟ್ಟೆಯಲ್ಲಿ ಅಣ್ಣನ ಮನೆಯಲ್ಲಿ ಬಂಗುಡೆ ಸಾರು. ನಾನು ಕಾರ್ಕಳದಿಂದ ಬೆಳಗಿನ ಬಸ್ಸಿಗೆ ಹೊರಟು, ಅಮ್ಮನಿಗೆಂದು ಹುರಿದ ಕಡಲೆಯ ಪೊಟ್ಟಣ ಹಿಡಿದುಕೊಂಡು ಬಂದಿದ್ದೆ. ಹಲ್ಲು ಹೋದ ಮೇಲೂ ಅವಳಿಗೆ ಕಡಲೆ ಬೇಕು. ಬಾಯಿಯಲ್ಲಿಟ್ಟು ಮೆತ್ತಗಾಗುವವರೆಗೆ ಕಾಯುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಇದ್ದದ್ದು ಉದಯಣ್ಣನ ಜೊತೆಯಲ್ಲಿ. ಕಾಪುವಿನ ನಮ್ಮ ಮನೆ ಹೆದ್ದಾರಿ ಅಗಲ ಮಾಡುವಾಗ ಹೋಗಿತ್ತು. ಅಂದು ಅಣ್ಣನ ಮಗಳು ಶ್ರಾವ್ಯ ಮಣಿಪಾಲದಿಂದ ಒಂದು ಪುಟ್ಟ ಪೆಟ್ಟಿಗೆ ತಂದಿದ್ದಳು. ಹಳೆಯ ಕಾಲದ ವಿಡಿಯೋ ಗೇಮುಗಳೆಲ್ಲ ಅದರೊಳಗೆ ತುಂಬಿವೆಯಂತೆ. ಅಣ್ಣ ಪೇಪರು ಪಕ್ಕಕ್ಕಿಟ್ಟು ಅದರಲ್ಲಿ ಒಂದೇ ಒಂದು ಆಟವನ್ನು ಹುಡುಕಿದ. ಹೆಸರು ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಚಿತ್ರ ನೋಡಿ ಹುಡುಕಬೇಕಾಯಿತು. ಕಪ್ಪು ಬಂಡೆ, ಅದರ ಮೇಲೊಂದು ದೀಪಸ್ತಂಭ, ಬುಡದಲ್ಲಿ ಹಳದಿ ಅಂಗಿಯ ಮನುಷ್ಯ. ಅದು ಟಿವಿಯಲ್ಲಿ ಮೂಡಿದ ಕೂಡಲೇ ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು.

"ಅಯ್ಯೋ, ಇವನಾ! ಇನ್ನೂ ಮೇಲೆ ಹತ್ತಲಿಲ್ಲವಾ ಇವನು?"

ಅಣ್ಣ ನಕ್ಕ. ಆಟದಲ್ಲಿ ಅರ್ಧದಿಂದ ಮುಂದುವರಿಯಬೇಕಾದರೆ ಎಂಟು ಇಂಗ್ಲಿಷ್ ಅಕ್ಷರಗಳ ಒಂದು ಗುಟ್ಟಿನ ಪದವನ್ನು ಒತ್ತಬೇಕು. ಕೊನೆಯ ಸ್ಟೇಜಿನ ಆ ಪದ ನಮಗೆ ಸಿಕ್ಕಿದ್ದು ಮೂವತ್ತು ವರ್ಷದ ಹಿಂದೆ, ಕಾಪುವಿನ ಮನೆಯಲ್ಲಿ, ಒಂದೇ ಒಂದು ಸಲ. ನಾವಿಬ್ಬರೂ ಅದನ್ನು ಯಾವತ್ತೋ ಮರೆತಿದ್ದೆವು. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ ಎಂದು ಶ್ರಾವ್ಯ ಹೇಳಿದಾಗ ಅಣ್ಣ ಕೈ ಅಡ್ಡ ಹಿಡಿದ.

"ಸುಮ್ಮನಿರು ನೀನು. ಮೊಬೈಲು ಹುಟ್ಟುವ ಮೊದಲೇ ಅದು ಇವಳ ತಲೆಯಲ್ಲಿ ಉಂಟು. ಅಮ್ಮಾ, ಕಡೇ ಸ್ಟೇಜಿನದ್ದು ನೆನಪುಂಟಾ?"

"ಇಲ್ಲದೆ ಎಂತ? ಒತ್ತು. ಬಂಗುಡೆ. ಅಂಜಲ್. ಬಂಗುಡೆ. ದೆಂಜಿ. ಜೀರಿಗೆ. ಮಾಂಜಿ. ಕಾಣೆ."

"ಮತ್ತೆ?"

"ಇಜ್ಜಿ."

ನಮ್ಮ ಮನೆಯ ಮಾತು ತುಳು. ಇಲ್ಲಿ ನಾನು ಬರೆಯುವುದೆಲ್ಲ ಕನ್ನಡದಲ್ಲಾದರೂ ನಾವು ಆಡಿಕೊಂಡದ್ದು ತುಳುವಿನಲ್ಲೇ. ಇಜ್ಜಿ ಎಂದರೆ ಇಲ್ಲ. ಒಳಗೆ ಒಗ್ಗರಣೆ ಹಾಕುತ್ತಿದ್ದ ಅತ್ತಿಗೆಗೆ ಕೇಳಿಸಿದ್ದು ಕೊನೆಯ ಎರಡು ಮಾತು ಮಾತ್ರ. ಅವಳು ಅಲ್ಲಿಂದಲೇ ಕೂಗಿ ಹೇಳಿದಳು.

"ಹೌದು ಅತ್ತೆ, ಕಾಣೆ ಇಜ್ಜಿ! ಮಾರ್ಕೆಟಿನಲ್ಲಿ ಇವತ್ತು ಬಂಗುಡೆ ಬಿಟ್ಟರೆ ಬೇರೆ ಮೀನೇ ಇರಲಿಲ್ಲ."

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅಮ್ಮನೂ ನಕ್ಕಳು. ನಗು ನಿಂತ ಮೇಲೆ ಅಣ್ಣ ಮತ್ತೆ ಕೇಳಿದ.

"ಅಲ್ಲಮ್ಮಾ, ಇನ್ನೊಂದು ಖಾನೆ ಖಾಲಿ ಉಂಟು. ಕಡೇದ್ದು ಯಾವುದು?"

"ಹೇಳಿದೆನಲ್ಲ ಮಾರಾಯ, ಇಜ್ಜಿ ಅಂತ. ನಿನ್ನ ಕಿವಿಗೆ ಎಂತ ಆಗಿದೆ?"

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಪ್ರಾಯದವರು ಮರೆತದ್ದನ್ನು ಮರೆತೆ ಎಂದು ಒಪ್ಪಿಕೊಳ್ಳುವುದು ಕಷ್ಟ ಎಂದು ಇಬ್ಬರಿಗೂ ಅನಿಸಿತು. ಹೋಗಲಿ ಬಿಡು, ನೆನಪಾದಾಗ ಹೇಳು ಎಂದ ಅಣ್ಣ. ಅಮ್ಮ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತಿಗೆ ಬಟ್ಟಲು ಇಟ್ಟ ಸದ್ದಾಯಿತು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬಸಳೆ ಪಲ್ಯ. ಅಮ್ಮ ಮೀನಿನ ತಲೆಯನ್ನು ಮುಳ್ಳು ಮುಳ್ಳಾಗಿ ಬಿಡಿಸಿ ತಿಂದಳು. ಊಟವಾದ ಮೇಲೆ ಕಡಲೆ ಬಾಯಿಗಿಟ್ಟುಕೊಂಡು ಮಲಗಿದಳು. ಸಂಜೆಯ ಬಸ್ಸಿಗೆ ನಾನು ಹೊರಡುವಾಗ, "ಹೋಗಿ ಬಾ ಮಗಾ, ಮುಂದಿನ ಸಲ ಕಡಲೆಯಲ್ಲಿ ಉಪ್ಪು ಕಮ್ಮಿ ಇರಲಿ" ಎಂದಳು. ಮರುದಿನ ಬೆಳಿಗ್ಗೆ ಅಮ್ಮ ಏಳಲಿಲ್ಲ.

ಹೆಚ್ಚು ಕಲಿತವಳಲ್ಲ ನಾನು. ಕಾರ್ಕಳದ ಒಂದು ಬಟ್ಟೆ ಅಂಗಡಿಯಲ್ಲಿ ಇದ್ದೇನೆ. ಬರೆಯುವ ಅಭ್ಯಾಸವಿಲ್ಲ. ಆದರೆ ಅಮ್ಮ ಹೋದ ಮೇಲೆ ಕಾಪುವಿನ ಮನೆ ದಿನಕ್ಕೊಂದು ಸಲವಾದರೂ ಕಣ್ಣೆದುರು ಬರುತ್ತದೆ. ಬಂದಾಗ ದುಃಖಕ್ಕಿಂತ ಹೆಚ್ಚು ಒಂದು ಬಗೆಯ ಬೆಚ್ಚಗಿನ ಸಮಾಧಾನವೇ ಆಗುತ್ತದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಆ ಮನೆಗೆ ಇದ್ದದ್ದು ಒಂದು ಚಾವಡಿ, ಎರಡು ಕೋಣೆ, ಉದ್ದನೆಯ ಅಡಿಗೆಮನೆ. ಚಾವಡಿಯೆಂದರೆ ಬಾಗಿಲು ದಾಟಿದ ಕೂಡಲೇ ಸಿಗುವ ದೊಡ್ಡ ಜಾಗ. ಬಂದವರು ಕುಳಿತುಕೊಳ್ಳುವುದೂ ಅಲ್ಲಿ, ನಾವು ಓದುವುದೂ ಅಲ್ಲಿ, ಭತ್ತದ ಮೂಟೆ ಇಳಿಸುವುದೂ ಅಲ್ಲಿ. ಅದರ ಒಂದು ಗೋಡೆಗೆ ಗಾಜಿನ ಬಾಗಿಲಿನ ಶೋಕೇಸ್. ಅಪ್ಪ ಮಸ್ಕತ್‌ನಿಂದ ತಂದದ್ದೆಲ್ಲ ಅದರಲ್ಲಿ ಇರುತ್ತಿತ್ತು. ಮುಗಿದ ಸೆಂಟಿನ ಬಾಟಲಿ, ಹಾಲಿನ ಪುಡಿಯ ಖಾಲಿ ಡಬ್ಬಿ, ಪ್ಲಾಸ್ಟಿಕ್ ದ್ರಾಕ್ಷಿಗೊಂಚಲು. ಅಮ್ಮ ಯಾವುದನ್ನೂ ಬಿಸಾಡುತ್ತಿರಲಿಲ್ಲ. ಒಂದು ದಿನ ಬೇಕಾಗುತ್ತದೆ ಎನ್ನುತ್ತಿದ್ದಳು. ಅಪ್ಪ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದಾಗ ಮನೆಯಲ್ಲಿ ಹೊಸ ಸಾಬೂನಿನ ಪರಿಮಳ. ಅವರು ಹೋಗಿ ತಿಂಗಳುಗಳಾದ ಮೇಲೂ ಕಪಾಟು ತೆಗೆದರೆ ಆ ಪರಿಮಳ ಇರುತ್ತಿತ್ತು. ಒಂದು ಸಲ ಅವರ ಪೆಟ್ಟಿಗೆಯಿಂದ ವಿಡಿಯೋ ಗೇಮ್ ಹೊರಬಂತು. ಬಿಳಿ ಡಬ್ಬ, ಎರಡು ರಿಮೋಟು, ಒಂದೇ ಒಂದು ಕ್ಯಾಸೆಟ್. ಜಗತ್ತಿನಲ್ಲಿ ಎಲ್ಲರೂ ನೋಡಿದ ಒಂದು ಇಂಗ್ಲಿಷ್ ಸಿನೆಮಾದ ಆಟ ಅದು ಎಂದು ಅಂಗಡಿಯವನು ಅಪ್ಪನಿಗೆ ಹೇಳಿದ್ದನಂತೆ. ಆ ಎಲ್ಲರಲ್ಲಿ ನಾವು ಇರಲಿಲ್ಲ. ಕಾಪುವಿಗೆ ಆ ಸಿನೆಮಾ ಬರಲೇ ಇಲ್ಲ. ಉಡುಪಿಯಲ್ಲಿ ಒಂದು ವಾರ ಇತ್ತು ಎಂದು ಕೇಳಿದ್ದೆವು. ಆದರೆ ಮಕ್ಕಳನ್ನು ಇಂಗ್ಲಿಷ್ ಸಿನೆಮಾಕ್ಕೆ ಕರೆದುಕೊಂಡು ಹೋಗುವವರು ನಮ್ಮ ಕಡೆ ಯಾರಿದ್ದರು?

ಆಟ ಇಷ್ಟೇ. ಬಿರುಗಾಳಿಯ ರಾತ್ರಿ, ದೀಪಸ್ತಂಭದ ದೀಪ ಆರಿದೆ. ದೂರದಿಂದ ಹಡಗು ಬರುತ್ತಿದೆ. ಹಳದಿ ಅಂಗಿಯವನು ಮಹಡಿಯಿಂದ ಮಹಡಿಗೆ ಹತ್ತಿ ಹೋಗಿ ದೀಪ ಹೊತ್ತಿಸಬೇಕು. ಪ್ರತಿ ಮಹಡಿಯಲ್ಲಿ ಕಳ್ಳಸಾಗಣೆಯವರು, ಮುರಿದ ಮೆಟ್ಟಿಲುಗಳು, ಕಿಟಕಿಯಿಂದ ನುಗ್ಗುವ ಅಲೆ. ದೀಪಸ್ತಂಭ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ, ನಮ್ಮೂರಿನದ್ದು. ಅಂಗಳದ ಮೂಲೆಯಲ್ಲಿ ನಿಂತರೆ ತೆಂಗಿನ ಮರಗಳ ಮೇಲೆ ಅದರ ಬೆಳಕು ತಿರುಗಿ ಹೋಗುವುದು ಕಾಣುತ್ತಿತ್ತು. ಹಾಗಾಗಿ ಆ ಸಿನೆಮಾ ನಮ್ಮೂರಿನದ್ದೇ ಎಂದು ನಾನು ಬಹಳ ಕಾಲ ನಂಬಿದ್ದೆ. ಶಾಲೆಯಲ್ಲೂ ಹಾಗೆಯೇ ಹೇಳಿದ್ದೆ. ಸಿನೆಮಾದ ಕಥೆ ಗೊತ್ತಿಲ್ಲದಿದ್ದರೂ ಅಣ್ಣನಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ಅವನು ಗೆಳೆಯನ ಜೊತೆ ಮಣಿಪಾಲಕ್ಕೆ ಹೋಗಿ ಸಿನೆಮಾ ನೋಡಿದ್ದೇನೆಂದು ಹೇಳಿ ದಿನಕ್ಕೊಂದು ಕಥೆ ಕಟ್ಟುತ್ತಿದ್ದ. ಒಂದು ದಿನ ಹಳದಿ ಅಂಗಿಯವನ ಹೆಂಡತಿ ಮೇಲೆ ಸೆರೆಯಲ್ಲಿದ್ದಾಳೆ. ಇನ್ನೊಂದು ದಿನ ಹೆಂಡತಿಯೇ ಇಲ್ಲ, ನಾಯಿ ಇದೆ. ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ನಮ್ಮ ಜಗಳ ತೀರಿಸಿದವಳು ಅಮ್ಮ. ಅವಳು ಚಾವಡಿಗೂ ಅಡಿಗೆಮನೆಗೂ ನಡುವಿನ ಬಾಗಿಲಲ್ಲಿ ತುರಿಮಣೆ ಇಟ್ಟುಕೊಂಡು ಕಾಯಿ ತುರಿಯುತ್ತಾ ಟಿವಿ ನೋಡುತ್ತಿದ್ದಳು. ಮೊದಲು ತುರಿಮಣೆ ಒಲೆಯ ಹತ್ತಿರ ಇರುತ್ತಿತ್ತು. ವಿಡಿಯೋ ಗೇಮ್ ಬಂದ ಮೇಲೆ ಬಾಗಿಲಿಗೆ ಬಂತು.

"ಹೆಂಡತಿಯೂ ಇಲ್ಲ, ನಾಯಿಯೂ ಇಲ್ಲ. ಆ ಹಡಗು ಬರ್ತಾ ಉಂಟಲ್ಲ, ಅದರಲ್ಲಿ ನಿಮ್ಮ ಅಪ್ಪ ಇದ್ದಾರೆ. ದೀಪ ಹೊತ್ತದಿದ್ದರೆ ಅವರಿಗೆ ದಾರಿ ಹೇಗೆ ಗೊತ್ತಾಗಬೇಕು?"

"ಅಪ್ಪ ಬರುವುದು ವಿಮಾನದಲ್ಲಿ ಅಲ್ವಾ ಅಮ್ಮಾ?" ಎಂದೆ ನಾನು.

"ಈ ಸಲ ಹಡಗು. ಸಾಮಾನು ಜಾಸ್ತಿ ಉಂಟಂತೆ."

ಅಂದಿನಿಂದ ಮನೆಯಲ್ಲಿ ಸಿನೆಮಾದ ಕಥೆ ಅದೇ ಆಯಿತು. ಅಣ್ಣನೂ ತನ್ನ ಮಣಿಪಾಲದ ಕಥೆಗಳನ್ನು ಕೈಬಿಟ್ಟ. ಹಳದಿ ಅಂಗಿಯವನು ಅಲೆಗೆ ಸಿಕ್ಕಿ ಬಿದ್ದಾಗಲೆಲ್ಲ ಅಮ್ಮ ಬಾಗಿಲಿನಿಂದ ಬೈಯುತ್ತಿದ್ದಳು. ನಿಧಾನ ಹತ್ತು ಮಾರಾಯ, ಅವರೆಂತ ಇವತ್ತೇ ಬರುವುದಿಲ್ಲ ಎನ್ನುತ್ತಿದ್ದಳು. ಮನೆಗೆ ಒಂದು ನಿಯಮವಿತ್ತು. ಸಂಜೆ ದೇವರ ಮುಂದೆ ದೀಪ ಹೊತ್ತಿಸುವಾಗ ಆಟ ನಿಲ್ಲಿಸಬೇಕು. ಅಮ್ಮ ಕಾಲು ತೊಳೆದು, ಬತ್ತಿಗೆ ಎಣ್ಣೆ ಹಾಕಿ, ದೀಪ ಹಚ್ಚಿ ಬಂದು ಟಿವಿಯ ಕಡೆ ನೋಡಿ, "ಇಲ್ಲಿ ಆಯಿತು. ಇನ್ನು ಅಲ್ಲಿ" ಎಂದು ಹೇಳುವವರೆಗೆ ಹಳದಿ ಅಂಗಿಯವನು ಮೆಟ್ಟಿಲ ಮೇಲೆ ಒಂದು ಕಾಲೆತ್ತಿಕೊಂಡು ನಿಂತಿರುತ್ತಿದ್ದ. ಆಯುಧಪೂಜೆಯ ದಿನ ಕತ್ತಿ, ಪಿಕಾಸಿ, ಹೊಲಿಗೆ ಮಿಷನ್ನಿನ ಸಾಲಿನಲ್ಲಿ ವಿಡಿಯೋ ಗೇಮೂ ಕೂರುತ್ತಿತ್ತು. ಅದಕ್ಕೂ ಕುಂಕುಮ, ಅದಕ್ಕೂ ಗೊಂಡೆ ಹೂ. ಕುಂಕುಮ ಕ್ಯಾಸೆಟ್ಟಿನ ಸಂದಿಗೆ ಹೋಗಿ ಒಂದು ವಾರ ಆಟದ ಆಕಾಶವೆಲ್ಲ ಗೆರೆ ಗೆರೆಯಾಗಿತ್ತು. ಅಣ್ಣ ಕಿರುಚಾಡಿದ. ಅಮ್ಮ ಸೀರೆಯ ಸೆರಗಿನ ತುದಿಯನ್ನು ಬತ್ತಿಯ ಹಾಗೆ ಹೊಸೆದು, ಸಂದಿಗೆ ತೂರಿಸಿ ಒರೆಸಿ ಸರಿ ಮಾಡಿದಳು.

ಒಂದು ಮಹಡಿ ಮುಗಿಸಿದಾಗ ಪರದೆಯ ಮೇಲೆ ಎಂಟು ಅಕ್ಷರ ಬರುತ್ತಿತ್ತು. ಮರುದಿನ ಅದನ್ನು ಒತ್ತಿದರೆ ಅಲ್ಲಿಂದ ಮುಂದೆ ಆಡಬಹುದು. ಇಲ್ಲದಿದ್ದರೆ ಬುಡದಿಂದ. ಅಣ್ಣ ಅದನ್ನು ಚೀಟಿಯಲ್ಲಿ ಬರೆದು ಶಾಲೆಯ ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದ, ಗೆಳೆಯರಿಗೆ ತೋರಿಸಲಿಕ್ಕೆ. ಒಂದು ಶನಿವಾರ ಆ ಅಂಗಿ ಒಗೆಯುವ ಕಲ್ಲಿಗೆ ಹೋಯಿತು. ಚೀಟಿ ಹಿಟ್ಟಿನ ಮುದ್ದೆಯಾಗಿ ಹೊರಬಂತು. ಅಣ್ಣ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅತ್ತ. ಹೈಸ್ಕೂಲಿನ ಹುಡುಗ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಮಧ್ಯಾಹ್ನ ಊಟ ಬೇಡ ಎಂದ. ಒಣಮೀನಿನ ಚಟ್ನಿ ಇದ್ದರೂ ಬೇಡ ಎಂದ.

"ಕಾಗದದಲ್ಲಿ ಯಾಕೆ ಇಡ್ತೀ? ಇನ್ನು ಮೇಲೆ ನನ್ನ ಹತ್ರ ಹೇಳು, ನಾನು ಇಟ್ಟುಕೊಳ್ತೇನೆ."

"ನಿನಗೆ ಇಂಗ್ಲಿಷ್ ಬರ್ತದಾ? ನೀನು ಏಳನೇ ಕ್ಲಾಸು."

"ನೀನು ಹೆಸರು ಹೇಳು ಸಾಕು. ನನ್ನ ತಲೆಗೆ ಸಾಬೂನು ಹಾಕಿ ತಿಕ್ಕಿದರೂ ಹೋಗುವುದಿಲ್ಲ."

ಹಾಗೆ ಶುರುವಾಯಿತು. ಅಮ್ಮನಿಗೆ ಇಂಗ್ಲಿಷ್ ಅಕ್ಷರಗಳ ಆಕಾರ ಗೊತ್ತಿರಲಿಲ್ಲ. ನಾವು ಬಾಯಿಪಾಠ ಮಾಡುವಾಗ ಅವುಗಳ ಹೆಸರು ಮಾತ್ರ ಅವಳ ಕಿವಿಗೆ ಬಿದ್ದಿತ್ತು. ಬೆಳಗಾದರೆ ಅವಳಿಗೆ ಕೇಳಿಸುತ್ತಿದ್ದದ್ದು ಬೇರೆ ಹೆಸರುಗಳು. ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಜಲಜಕ್ಕ ಬೇಲಿ ದಾಟುವ ದಣಪೆಯ ಹತ್ತಿರ ನಿಂತು ಅಂದಿನ ಮೀನುಗಳ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದಳು. ಅಮ್ಮ ಒಳಗಿನಿಂದಲೇ ಕೇಳಿ, ಯಾವುದು ಬೇಕು ಯಾವುದು ಬೇಡ ಎಂದು ತೀರ್ಮಾನಿಸಿಯೇ ಹೊರಗೆ ಬರುತ್ತಿದ್ದಳು. ಅದೇ ಕ್ರಮವನ್ನು ಅವಳು ಆಟಕ್ಕೂ ತಂದಳು. ಅಣ್ಣ ಬಿ ಎಂದರೆ ಬಂಗುಡೆ. ಎ ಎಂದರೆ ಅಂಜಲ್. ಎಂ ಎಂದರೆ ಮಾಂಜಿ. ಡಿ ಎಂದರೆ ದೆಂಜಿ, ಅಂದರೆ ಏಡಿ. ಕೆ ಎಂದರೆ ಕಾಣೆ. ಮೀನು ಸಿಗದ ಅಕ್ಷರಕ್ಕೆ ಮಸಾಲೆ. ಜೆ ಬಂದರೆ ಜೀರಿಗೆ, ಎಲ್ ಬಂದರೆ ಲಿಂಬೆ. ಎಂಟು ಅಕ್ಷರ ಮುಗಿದಾಗ ಒಮ್ಮೆ ತಿರುಗಿಸಿ ಹೇಳಿ, ಕಾಯಿ ತುರಿಯುವುದನ್ನು ಮುಂದುವರಿಸುತ್ತಿದ್ದಳು. ಮರುದಿನ ಶಾಲೆಯಿಂದ ಬಂದು ನಾವು ಕೇಳಿದರೆ ಬುಟ್ಟಿ ಇಳಿಸಿದ ಹಾಗೆ ಒಂದೊಂದನ್ನೇ ಇಳಿಸುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ಒಂದು ದಿನ ಜಲಜಕ್ಕ ಅಂಗಳದಲ್ಲಿ ಕುಳಿತು ನೀರು ಕುಡಿಯುತ್ತಿದ್ದಾಗ ಅಮ್ಮ ಒಳಗೆ ಹೇಳಿದ ಹೆಸರುಗಳು ಅವಳ ಕಿವಿಗೆ ಬಿದ್ದವು. ಅವಳಿಗೆ ಸಿಟ್ಟೇ ಬಂತು.

"ಗಿರಿಜಕ್ಕ, ನನ್ನ ಹತ್ರ ಬರೀ ಬೂತಾಯಿ ತೆಗೊಂಡು ಅಂಜಲ್, ಮಾಂಜಿ ಎಲ್ಲ ಬೇರೆಯವರ ಹತ್ರ ತೆಗೊಳ್ತೀರಾ? ಆಗಲಿ, ಆಗಲಿ."

ಅವಳಿಗೆ ಅರ್ಥ ಮಾಡಿಸಲು ಅಮ್ಮ ಟಿವಿ ಹಾಕಿ ಹಳದಿ ಅಂಗಿಯವನನ್ನು ತೋರಿಸಬೇಕಾಯಿತು. ಜಲಜಕ್ಕ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಇಷ್ಟು ಗಾಳಿಗೆ ಯಾರಾದರೂ ಹಡಗು ಬಿಡ್ತಾರಾ, ತಲೆ ಸರಿ ಉಂಟಾ ಅವರಿಗೆ ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ಕಾಣೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕಾಣೆ ಎಂದರೆ ನಮ್ಮ ಕರಾವಳಿಯಲ್ಲಿ ಉದ್ದನೆಯ, ಮುಳ್ಳು ಕಡಿಮೆಯ, ಮೆತ್ತನೆಯ ಮೀನು. ಜ್ವರ ಬಿಟ್ಟವರಿಗೆ ಮೊದಲು ಕೊಡುವುದು ಅದನ್ನೇ. ಶಾಲೆಯ ಕನ್ನಡ ಪಾಠದಲ್ಲಿ ಒಂದು ದಿನ ಒಬ್ಬ ಹುಡುಗ ಕಾಣೆಯಾದ ಎಂದು ಬಂತು. ಮನೆಯಲ್ಲಿ ತುಳು ಮಾತಾಡುವ ನನಗೆ ಕನ್ನಡ ಶಾಲೆಯ ಭಾಷೆ. ಆ ಹುಡುಗ ಮೀನಾಗಿ ಹೋದ ಎಂದು ನಾನು ತಿಳಿದುಕೊಂಡೆ. ಮೇಷ್ಟ್ರು, ಮುಂದೆ ಅವನ ತಾಯಿ ಏನು ಮಾಡಿದಳು ಎಂದು ಕೇಳಿದಾಗ ನಾನು ಎದ್ದು ನಿಂತು, ಸಮುದ್ರದ ಹತ್ತಿರ ಹೋಗಿ ಕರೆದಳು ಎಂದು ಉತ್ತರ ಕೊಟ್ಟೆ. ತರಗತಿ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ, ಕೂತುಕೋ ಎಂದರು. ಸಂಜೆ ಅದನ್ನು ಅಮ್ಮನಿಗೆ ಹೇಳಿ ಅತ್ತೆ. ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು ಬಹಳ ಹೊತ್ತು ನಕ್ಕಳು. ಸಮಾಧಾನ ಮಾಡುವಾಗಲೂ ನಗುತ್ತಲೇ ಇದ್ದಳು. ಅಂದಿನಿಂದ ಮನೆಯಲ್ಲಿ ಏನೇ ಕಳೆದುಹೋದರೂ ಅದು ಮೀನಾಗಿದೆ ಎಂದೇ ಹೇಳುವುದು. ಕತ್ತರಿ ಮೀನಾಗಿದೆ. ಅಣ್ಣನ ಚಪ್ಪಲಿ ಮೀನಾಗಿದೆ. ಅಪ್ಪ ಫೋನ್ ಮಾಡದ ವಾರ, ನಿಮ್ಮ ಅಪ್ಪ ಮೀನಾಗಿದ್ದಾರೆ. ಹಾಗೆ ಹೇಳಿಬಿಟ್ಟರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತಿತ್ತು. ಮೀನಾದದ್ದು ಎಲ್ಲಿಯೋ ಈಜುತ್ತಾ ಇರುತ್ತದಲ್ಲ.

ಅಮ್ಮ ಸ್ವತಃ ರಿಮೋಟು ಹಿಡಿದದ್ದು ಯಾವಾಗ ಎಂದು ನೆನಪಿಲ್ಲ. ಶುರುವಿನಲ್ಲಿ ಕೈ ಒದ್ದೆ ಎಂದು ಹಿಂಜರಿಯುತ್ತಿದ್ದಳು. ಆಮೇಲೆ ನಾವು ಶಾಲೆಗೆ ಹೋದಾಗ ಆಡುತ್ತಾಳೆಂದು ನಮಗೆ ಗೊತ್ತಾದದ್ದು ರಿಮೋಟಿನ ಗುಂಡಿಗಳಲ್ಲಿ ಅರಿಶಿನ ಕಂಡದ್ದರಿಂದ. ಕೇಳಿದರೆ ಒಪ್ಪಲಿಲ್ಲ. ಅಣ್ಣ ಅವಳನ್ನು ಕೂರಿಸಿ ಆಡಿಸಿದ. ಅವಳು ನಮ್ಮಂತೆ ಓಡಿಸುತ್ತಿರಲಿಲ್ಲ. ಪ್ರತಿ ಮೆಟ್ಟಿಲಿನಲ್ಲೂ ನಿಲ್ಲಿಸಿ, ಮೇಲೆ ನೋಡಿ, ಅಲೆ ಬಂದು ಹೋಗುವುದನ್ನು ಕಾದು, ಮತ್ತೆ ಒಂದು ಹೆಜ್ಜೆ. ಕಳ್ಳರನ್ನು ಹೊಡೆಯುತ್ತಿರಲಿಲ್ಲ. ಅವರು ಆಚೆ ತಿರುಗಿದಾಗ ಬದಿಯಿಂದ ಹೋಗಿಬಿಡುತ್ತಿದ್ದಳು. ಅವರ ಜಗಳ ನಮಗೆ ಯಾಕೆ, ನಮಗೆ ಬೇಕಾದ್ದು ದೀಪ ಅಲ್ವಾ ಎನ್ನುತ್ತಿದ್ದಳು. ನಾವಿಬ್ಬರೂ ತಿಂಗಳುಗಟ್ಟಲೆ ದಾಟಲಾರದ ಮಹಡಿಯನ್ನು ಅವಳು ಒಂದು ಮಧ್ಯಾಹ್ನ ಗಂಜಿ ಆರುವಷ್ಟು ಹೊತ್ತಿನಲ್ಲಿ ದಾಟಿದಳು. ಪರದೆಯ ಮೇಲೆ ಕೊನೆಯ ಸ್ಟೇಜಿನ ಎಂಟು ಅಕ್ಷರ ಬಂತು. ಅಣ್ಣ ಒಂದೊಂದಾಗಿ ಕೂಗಿದ. ಅಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡು, ಬಾಯಿಯೊಳಗೇ ಗುಣುಗುಣಿಸಿ, ಆಯಿತು, ಇಟ್ಟುಕೊಂಡೆ, ಗಂಜಿ ಉಣ್ಣಿ ಎಂದಳು. ನಾಳೆ ಆಡುವುದೆಂದು ತೀರ್ಮಾನವಾಯಿತು. ಆ ಸಂಜೆಯೇ ಮಳೆಗಾಲ ಶುರುವಾಗುವ ಕಾರ್ತೆಲು ತಿಂಗಳಿನ ಮೊದಲ ಸಿಡಿಲು ಹಿತ್ತಲಿನ ತೆಂಗಿಗೆ ಬಡಿಯಿತು. ಟಿವಿ ಹೋಯಿತು. ವಿಡಿಯೋ ಗೇಮಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಟಿವಿಗೆ ಹೊಸ ಭಾಗ ಹಾಕಿಸಿದೆವು. ವಿಡಿಯೋ ಗೇಮನ್ನು ಉಡುಪಿಯಲ್ಲಿ ಯಾರೂ ಮುಟ್ಟಲಿಲ್ಲ. ಅಮ್ಮ ಅದನ್ನು ಒರೆಸಿ ಶೋಕೇಸಿನಲ್ಲಿಟ್ಟಳು, ಸೆಂಟಿನ ಬಾಟಲಿಯ ಪಕ್ಕ. ಒಂದು ದಿನ ಬೇಕಾಗುತ್ತದೆ.

ಬಹಳ ವರ್ಷಗಳ ನಂತರ, ಅಪ್ಪ ಮಸ್ಕತ್ ಬಿಟ್ಟು ಬಂದು ಊರಲ್ಲೇ ನಿಂತ ಮೇಲೆ, ಆ ಸಿನೆಮಾ ಟಿವಿಯಲ್ಲಿ ಬಂತು. ನಾವು ನಾಲ್ಕೂ ಮಂದಿ ಚಾವಡಿಯಲ್ಲಿ ಕುಳಿತು ನೋಡಿದೆವು. ಅಮ್ಮನಿಗೆ ಮೊದಲಿನಿಂದಲೇ ಸಮಾಧಾನವಿಲ್ಲ. ಹಳದಿ ಅಂಗಿ ಬರಲಿಕ್ಕೇ ಒಂದು ಗಂಟೆಯಾಯಿತು. ದೀಪಸ್ತಂಭ ಹತ್ತುವುದನ್ನು ಒಂದು ನಿಮಿಷದಲ್ಲಿ ಮುಗಿಸಿಬಿಟ್ಟರು. ಕಿಟಕಿಯಿಂದ ಅಲೆ ಬರಲೇ ಇಲ್ಲ. ಕೊನೆಗೆ ದೀಪ ಹೊತ್ತಿಸಿದ್ದು ಅವನಲ್ಲ, ಬೇರೆ ಯಾರೋ.

"ಇವರಿಗೆ ಆಟ ಗೊತ್ತಿಲ್ಲ. ಇವರು ಆಟವನ್ನು ನೋಡಿಯೇ ಇಲ್ಲ."

"ಆಟ ಮಾಡಿದ್ದು ಸಿನೆಮಾ ನೋಡಿ ಮಾರಾಯ್ತಿ" ಎಂದರು ಅಪ್ಪ.

"ಹಾಗಾದರೆ ಮಾಡಿದವರಿಗೆ ಇವರಿಗಿಂತ ಬುದ್ಧಿ ಉಂಟು. ಹಡಗಿನಲ್ಲಿ ಯಾರಿದ್ದಾರೆ ಅಂತ ತೋರಿಸಲೇ ಇಲ್ಲವಲ್ಲ ಇವರು."

ಅಪ್ಪನಿಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲ. ನಾನು ಹೇಳಲು ಹೋದೆ, ಅಮ್ಮ ಕಣ್ಣಿನಲ್ಲೇ ತಡೆದಳು. ಆ ರಾತ್ರಿ ಊಟಕ್ಕೆ ಅಪ್ಪನಿಗೆ ಕಾಣೆ ಹುರಿದು ಬಡಿಸಿದಳು.

ಅಮ್ಮ ಹೋದ ಮೇಲಿನ ದಿನಗಳಲ್ಲಿ ಬೇರೆ ದುಃಖಗಳ ಜೊತೆ ಒಂದು ಸಣ್ಣ ದುಃಖ ನಮ್ಮಿಬ್ಬರ ನಡುವೆ ಉಳಿದುಕೊಂಡಿತು. ಅವಳು ಕೊನೆಯ ಅಕ್ಷರವನ್ನು ಮರೆತಿದ್ದಳು. ಯಾರ ಮದುವೆಗೆ ಯಾವ ಸೀರೆ, ಯಾವ ಮಗುವಿಗೆ ಯಾವ ನಕ್ಷತ್ರ, ಯಾವುದನ್ನೂ ಮರೆಯದವಳು. ಅವಳ ತಲೆಯೊಳಗಿನಿಂದ ಒಂದೊಂದೇ ಜಾರಿಹೋಗುತ್ತಿತ್ತೋ ಏನೋ, ಜೊತೆಯಲ್ಲಿದ್ದೂ ನನಗೆ ಗೊತ್ತಾಗಲಿಲ್ಲ ಎಂದು ಅಣ್ಣ ಫೋನಿನಲ್ಲಿ ಹೇಳುತ್ತಿದ್ದ. ಶ್ರಾವ್ಯ, ಒಂದು ಅಕ್ಷರ ತಾನೇ, ಒಂದೊಂದನ್ನೇ ಒತ್ತಿ ನೋಡಿದರಾಯಿತು ಎಂದಳಂತೆ. ಅಣ್ಣ ಬೇಡ ಎಂದ. ಅವಳಿಗೆ ಸಿಗದೆ ಹೋದದ್ದನ್ನು ನಾವು ಹಿಂಬಾಗಿಲಿನಿಂದ ತೆಗೆಯುವುದು ಬೇಡ ಎಂದ. ಪೆಟ್ಟಿಗೆ ಕಪಾಟು ಸೇರಿತು. ಆಟಿ ತಿಂಗಳಲ್ಲಿ ಹೋದವರಿಗೆ ಬಡಿಸುವ ದಿನ ಅವಳ ಎಲೆಗೆ ಅಂಜಲ್, ಮಾಂಜಿ, ಕಾಣೆ ಎಲ್ಲ ಬಡಿಸಿದೆವು. ಕ್ರಮದಂತೆ ಬಾಗಿಲು ಮುಚ್ಚಿ ಹೊರಗೆ ಕುಳಿತೆವು. ಅವಳು ಉಣ್ಣಲೆಂದು ಬಿಟ್ಟ ಆ ಸ್ವಲ್ಪ ಹೊತ್ತಿನಲ್ಲಿ ಅಣ್ಣ ನನ್ನ ಕಡೆ ತಿರುಗಿ ಮೆಲ್ಲನೆ ಕೇಳಿದ.

"ಬೇಬಿ, ಅವಳು ನಿಜವಾಗಿ ಮರೆತಳಾ? ನಿನಗೆ ಹಾಗೆ ಕಂಡಿತಾ?"

ಅಷ್ಟರಲ್ಲಿ ಹೊತ್ತಾಯಿತು. ಬಾಗಿಲು ತಟ್ಟಿ ಒಳಗೆ ಹೋದೆವು.

ಉತ್ತರ ಸಿಕ್ಕಿದ್ದು ಅಂಗಡಿಯಲ್ಲಿ. ನನ್ನದೇ ಪ್ರಾಯದ ಒಬ್ಬ ಬ್ಯಾರಿ ಹೆಂಗಸು ಮಗಳ ಮದುವೆಗೆ ಬಟ್ಟೆ ತೆಗೆದಿದ್ದರು. ಹೊಲಿಗೆಗೆ ಬಿಟ್ಟ ಕಟ್ಟಿನ ಮೇಲೆ ಹೆಸರು ಬರೆಯಬೇಕಿತ್ತು. ನಮ್ಮಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಝುಬೇದಾ ಎಂದರು. ನಾನು ಎಸ್ ಎಂದು ಶುರು ಮಾಡಿದೆ.

"ಎಸ್ ಅಲ್ಲ ಅಕ್ಕ. ಇಜ್ಜೆಡ್. ಕಡೇ ಅಕ್ಷರ ಉಂಟಲ್ಲ, ಇಜ್ಜೆಡ್."

ನಾನು ಎಸ್ ಅನ್ನು ಹೊಡೆದುಹಾಕಿದೆ. ನಮ್ಮ ಕಾಲದ ಶಾಲೆ ಕಲಿತವರೆಲ್ಲ ಆ ಅಕ್ಷರಕ್ಕೆ ಹಾಗೆಯೇ ಹೇಳುವುದು. ಶ್ರಾವ್ಯಳ ಕಾಲದವರು ಝೆಡ್ ಎನ್ನುತ್ತಾರೆ. ಚಾವಡಿಯಲ್ಲಿ ನಾವು ಬಾಯಿಪಾಠ ಮಾಡುತ್ತಿದ್ದದ್ದು ಎಕ್ಸ್, ವೈ, ಇಜ್ಜೆಡ್. ಬಾಗಿಲಲ್ಲಿ ತುರಿಮಣೆಯ ಮೇಲೆ ಕುಳಿತವಳ ಕಿವಿಗೆ ಬಿದ್ದದ್ದೂ ಅದೇ. ಇಜ್ಜೆಡ್‌ಗೆ ಹೊಂದುವ ಮೀನು ಯಾವ ಸಮುದ್ರದಲ್ಲಿ ಉಂಟು? ಮಸಾಲೆಯೂ ಇಲ್ಲ. ಇಲ್ಲದ್ದಕ್ಕೆ ಅವಳು ಇಟ್ಟ ಹೆಸರು ಇಜ್ಜಿ. ಜಲಜಕ್ಕನ ಬುಟ್ಟಿ ಖಾಲಿಯಾದಾಗ ಕೊನೆಗೆ ಕೇಳಿಸುತ್ತಿದ್ದ ಮಾತೂ ಅದೇ ಆಗಿತ್ತು. ಕಟ್ಟಿನ ಮೇಲೆ ಹೆಸರು ಬರೆದು ಕೊಟ್ಟು, ಹಿಂದಿನ ಕೋಣೆಗೆ ಹೋಗಿ, ಅಣ್ಣನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಅವಳು ಎರಡು ಸಲ ಹೇಳಿದಳು ಬೇಬಿ" ಎಂದ ಅವನು. "ನನ್ನ ಕಿವಿಗೆ ಎಂತ ಆಗಿದೆ ಅಂತ ಕೂಡ ಕೇಳಿದಳು."

ಮುಂದಿನ ಭಾನುವಾರ ನಾನು ಸಂತೆಕಟ್ಟೆಗೆ ಹೋದೆ. ಅತ್ತಿಗೆ ಮಾರ್ಕೆಟಿಗೆ ತಾನೇ ಹೋಗಿ ಕಾಣೆ ತಂದಿದ್ದಳು. ಅಣ್ಣ ಕಪಾಟಿನಿಂದ ಪೆಟ್ಟಿಗೆ ತೆಗೆದು ಟಿವಿಗೆ ಸಿಕ್ಕಿಸಿದ. ನಾನು ಅಮ್ಮನ ಹಾಗೆ ಒಂದೊಂದಾಗಿ ಹೇಳಿದೆ. ಬಂಗುಡೆ. ಅಂಜಲ್. ಬಂಗುಡೆ. ದೆಂಜಿ. ಜೀರಿಗೆ. ಮಾಂಜಿ. ಕಾಣೆ. ಆಮೇಲೆ ಇಬ್ಬರೂ ಒಟ್ಟಿಗೆ, ಇಜ್ಜಿ. ಪರದೆ ಒಮ್ಮೆ ಕಪ್ಪಾಗಿ, ನಾವು ಯಾವತ್ತೂ ನೋಡಿರದ ಮಹಡಿ ತೆರೆಯಿತು. ದುಂಡನೆಯ ಸಣ್ಣ ಕೋಣೆ, ಸುತ್ತಲೂ ಗಾಜು, ಗಾಜಿನಾಚೆ ಸಮುದ್ರ. ಅಣ್ಣ ಓಡಿಸಲು ಹೋಗಿ ಬಿದ್ದ. ನಾನೂ ಬಿದ್ದೆ. ಶ್ರಾವ್ಯ ನಗುತ್ತಿದ್ದಳು. ಕೊನೆಗೆ ಅಣ್ಣ ಅಮ್ಮನ ಹಾಗೆ ಆಡಲು ಶುರು ಮಾಡಿದ. ನಿಂತು, ಮೇಲೆ ನೋಡಿ, ಅಲೆ ಬಂದು ಹೋಗುವುದನ್ನು ಕಾದು, ಮತ್ತೆ ಒಂದು ಹೆಜ್ಜೆ. ದೀಪ ಹೊತ್ತಿತು. ಹಳದಿ ಬೆಳಕು ಪರದೆಯ ತುಂಬ ಒಂದು ಸುತ್ತು ತಿರುಗಿತು. ಹಡಗು ಬಂದು ನಿಂತಿತು. ಕಡಲೆಯಷ್ಟು ಸಣ್ಣ ಜನ ಅದರಿಂದ ಇಳಿದರು. ಒಬ್ಬನ ಕೈಯಲ್ಲಿ ಚೌಕದ ಚುಕ್ಕೆಯೊಂದಿತ್ತು, ಪೆಟ್ಟಿಗೆಯ ಹಾಗೆ.

"ಅಗೋ, ಅಪ್ಪ" ಎಂದ ಅಣ್ಣ.

"ಸಾಮಾನು ಜಾಸ್ತಿ ಉಂಟು" ಎಂದೆ ನಾನು.

ಆಮೇಲೆ ಇಂಗ್ಲಿಷಿನಲ್ಲಿ ಏನೇನೋ ಹೆಸರುಗಳು ಮೇಲಕ್ಕೆ ಹೋದವು. ಅತ್ತಿಗೆ ಊಟಕ್ಕೆ ಕರೆದಳು. ನಾವು ಎದ್ದು ಕೈ ತೊಳೆದುಕೊಂಡೆವು. ಬಾಗಿಲ ಪಕ್ಕದ ಅಮ್ಮನ ಕುರ್ಚಿ ಅಲ್ಲಿಯೇ ಇದೆ. ಶ್ರಾವ್ಯ ಈಗ ಅದರ ಮೇಲೆ ಕಾಲೇಜಿನ ಚೀಲ ಇಡುತ್ತಾಳೆ. ಅಣ್ಣ ಚೀಲ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕಾಣೆ ಚೆನ್ನಾಗಿತ್ತು. ದೀಪ ಹೊತ್ತಿದೆ, ಹಡಗು ಬಂದಿದೆ, ಅಮ್ಮ ಮರೆತಿರಲಿಲ್ಲ ಎಂಬುದು ನಮಗೆ ಗೊತ್ತಾಗಿದೆ. ನಮಗೆ ಗೊತ್ತಾಯಿತು ಎಂಬುದು ಮಾತ್ರ ಅವಳಿಗೆ ಗೊತ್ತಿಲ್ಲ.